ಡಲ್ಲಾಸ್‌ನಲ್ಲಿ ಹೋಲ್‌ಸೇಲಿಂಗ್: ಮೊದಲು ಯಾವ ಸಾಫ್ಟ್‌ವೇರ್ ತಗೊಳ್ಳೋದು?

ಪ್ಲೇನೋ ಹೊಸಬ:
ನಮಸ್ಕಾರ. ನಾನು, ನನ್ನ ಭಾವಮೈದ ಡಲ್ಲಾಸ್ ಕೌಂಟಿಯಲ್ಲಿ ಹೋಲ್‌ಸೇಲಿಂಗ್ ಶುರು ಮಾಡುತ್ತಿದ್ದೇವೆ. ಹಳೇ ಮನೆಗೆ ಮಾಲೀಕರ ಜೊತೆ ಕರಾರು ಮಾಡಿಕೊಂಡು, ಆ ಕರಾರನ್ನು ರಿಪೇರಿ ಮಾಡಿ ಮಾರುವವರಿಗೆ ಬಿಟ್ಟುಕೊಡುವ ಕೆಲಸ. ಇಬ್ಬರಿಗೂ ಗ್ರೀನ್ ಕಾರ್ಡ್ ಇದೆ. ಮನೆ, ಮಾಲೀಕರ ಮಾಹಿತಿ ಹುಡುಕಿಕೊಡುವ ಪ್ರಾಪ್‌ಸ್ಟ್ರೀಮ್, ಡೀಲ್‌ಮಷೀನ್, ಗಿರಾಕಿಗಳ ವಿವರ ಇಟ್ಟುಕೊಳ್ಳುವ ಒಂದು ಸಿಆರ್‌ಎಂ, ತಾನೇ ಫೋನ್ ಹಚ್ಚುವ ಆಟೋ ಡಯಲರ್, ಎಲ್ಲದಕ್ಕೂ ತಿಂಗಳಾ ತಿಂಗಳಾ ದುಡ್ಡು ಕಟ್ಟಬೇಕು. ಯಾವುದು ಮೊದಲು?

ಗಾರ್ಲೆಂಡ್ ರಿಪೇರಿ:
ಸರ್, ಮೊದಲು ನಿಜವಾದ ಬೆಲೆ ತಿಳಿಯುವ ದಾರಿ ಮಾಡಿಕೊಳ್ಳಿ. ಟೆಕ್ಸಸ್‌ನಲ್ಲಿ ಮನೆ ಎಷ್ಟಕ್ಕೆ ಹೋಯಿತು ಅಂತ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನಿಲ್ಲ. ತೆರಿಗೆಗಾಗಿ ಮನೆಗಳ ಬೆಲೆ ಕಟ್ಟುವ ಡಲ್ಲಾಸ್ ಸೆಂಟ್ರಲ್ ಅಪ್ರೈಸಲ್ ಡಿಸ್ಟ್ರಿಕ್ಟ್ ಸೈಟಿನಲ್ಲಿ ಮಾಲೀಕರ ಹೆಸರು, ಚದರಡಿ, ಕಟ್ಟಿದ ವರ್ಷ ಪುಕ್ಕಟೆ ಸಿಗುತ್ತದೆ. ಮಾರಿದ ಬೆಲೆ ಮಾತ್ರ ಇರುವುದಿಲ್ಲ. ಹಾಗಾಗಿ ಈ ಸಾಫ್ಟ್‌ವೇರ್‌ಗಳು ತೋರಿಸುವ ಬೆಲೆ ಇಲ್ಲಿ ಎಷ್ಟೋ ಸಲ ಬರೀ ಅಂದಾಜು. ಸರಿಯಾದ ಬೆಲೆ ಇರುವುದು ಏಜೆಂಟರು ಮಾರಾಟದ ವಿವರ ಹಂಚಿಕೊಳ್ಳುವ ಎಂಎಲ್‌ಎಸ್ ಪಟ್ಟಿಯಲ್ಲಿ. ಒಬ್ಬ ಒಳ್ಳೆ ಏಜೆಂಟ್ ಹಿಡಿಯಿರಿ. ಇಲ್ಲವೇ ನಿಮ್ಮ ಭಾವಮೈದ 180 ಗಂಟೆಯ ಕ್ಲಾಸ್ ಮುಗಿಸಿ, ಪರೀಕ್ಷೆ ಬರೆದು ಲೈಸೆನ್ಸ್ ಮಾಡಿಸಲಿ.

ಲೆಕ್ಕ ನೋಡಿ. ರಿಪೇರಿ ಆದ ಮೇಲೆ 3,00,000 ಡಾಲರ್‌ಗೆ ಹೋಗುವ ಮನೆ ಅಂದುಕೊಳ್ಳಿ. ರಿಪೇರಿ ಮಾಡಿ ಮಾರುವವರು ಸಾಮಾನ್ಯವಾಗಿ ರಿಪೇರಿ ಖರ್ಚೂ ಸೇರಿ ಅದರ ಶೇ. 70ರೊಳಗೆ ಮುಗಿಸಲು ನೋಡುತ್ತಾರೆ, ಅಂದರೆ 2,10,000. ರಿಪೇರಿಗೆ 40,000, ನಿಮಗೆ 10,000 ತೆಗೆದರೆ ಮಾಲೀಕರಿಗೆ 1,60,000. ಸಾಫ್ಟ್‌ವೇರ್ ಆ ಮನೆಗೆ 3,30,000 ಅಂತ ತೋರಿಸಿದ್ದರೆ ನೀವು 21,000 ಜಾಸ್ತಿ ಒಪ್ಪಿಕೊಂಡಿರುತ್ತೀರಿ. ಆಮೇಲೆ ಕೊಳ್ಳುವವರೇ ಸಿಗುವುದಿಲ್ಲ. ನೀವೇನೋ ಕೈ ಬಿಡಬಹುದು. ಆದರೆ ಆ ಮಾಲೀಕರ ಮನೆ ಮುಂದಿನ ತಿಂಗಳ ಮೊದಲ ಮಂಗಳವಾರ ಸಾಲ ಕಟ್ಟದ್ದಕ್ಕೆ ಹರಾಜಿಗೆ ಇರಬಹುದು ಅಲ್ವಾ? ನಿಮ್ಮನ್ನು ನಂಬಿ ಕೂತವರ ವಾರಗಳು ಸುಮ್ನೆ ಹೋಗಿಬಿಡುತ್ತವೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ.

ಸಿಆರ್‌ಎಂ ಈಗ ಬೇಡ. ಗೂಗಲ್ ಶೀಟ್ ಸಾಕು.

ಪ್ಲೇನೋ ಹೊಸಬ:
ಬೆಲೆ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಡಯಲರ್?

ಟೈಟಲ್ ಆಫೀಸ್ ಅಕ್ಕ:
ಬೇಡಪ್ಪ. ಡು ನಾಟ್ ಕಾಲ್, ಅಂದರೆ ಮಾರಾಟದ ಕರೆ ಬೇಡ ಅಂತ ನಂಬರ್ ಕೊಟ್ಟವರ ಪಟ್ಟಿಯಲ್ಲಿ ಇರುವವರಿಗೆ ಮಷೀನಿನಿಂದ ಕರೆ ಹೋದರೆ ಕಷ್ಟ. ಫೋನ್ ಕರೆಗಳ ಟಿಸಿಪಿಎ ಕಾನೂನಿನಲ್ಲಿ ಅವರು ಒಂದೊಂದು ಕರೆಗೂ 500 ಡಾಲರ್‌ವರೆಗೆ ಪರಿಹಾರ ಕೇಳಬಹುದು. ಬೇಕಂತಲೇ ಮಾಡಿದ್ದರೆ 1,500ರವರೆಗೂ ಹೋಗುತ್ತದೆ. ಕಾಗದ ಬರೆಯಿರಿ, ಬಾಗಿಲು ತಟ್ಟಿ.

ಅದಕ್ಕೂ ಮುಂಚೆ ಮನೆಯ ಹಕ್ಕುಪತ್ರ ನೋಡಿ ವ್ಯವಹಾರ ಮುಗಿಸಿಕೊಡುವ ಟೈಟಲ್ ಕಂಪನಿಗೆ ಫೋನ್ ಮಾಡಿ, ಅಸೈನ್‌ಮೆಂಟ್ (ಕರಾರು ಬಿಟ್ಟುಕೊಡುವ ವ್ಯವಹಾರ) ಕ್ಲೋಸ್ ಮಾಡುತ್ತೀರಾ ಅಂತ ಕೇಳಿ. ಎಲ್ಲರೂ ಮಾಡುವುದಿಲ್ಲ. ನೀವು ಮಾರುತ್ತಿರುವುದು ಮನೆಯಲ್ಲ, ಕರಾರಿನಲ್ಲಿರುವ ನಿಮ್ಮ ಹಕ್ಕು. ಕೊಳ್ಳುವವರಿಗೆ ಇದನ್ನು ಬರವಣಿಗೆಯಲ್ಲೇ ತಿಳಿಸಿ. ಮನೆ ಮಾರುವ ಮಾಲೀಕರಿಗೂ ಬಿಡಿಸಿ ಹೇಳಿ.

ಗಾರ್ಲೆಂಡ್ ರಿಪೇರಿ:
ಅಕ್ಕ ಹೇಳಿದ್ದು ಸರಿ. ಶೀಟಿನಲ್ಲಿ ಆಪ್ಷನ್ ಅವಧಿ (ಕರಾರು ಬೇಡ ಅಂತ ಬಿಡಲು ಇರುವ ದಿನಗಳು) ಮುಗಿಯುವ ದಿನಕ್ಕೂ ಒಂದು ಕಾಲಂ ಇರಲಿ. ಆ ದಿನ ಸಂಜೆ 5 ಗಂಟೆ ದಾಟಿದರೆ ಕರಾರು ಬಿಡುವ ಹಕ್ಕು ಹೋಗುತ್ತದೆ, ಅರ್ನೆಸ್ಟ್ ಮನಿ, ಅಂದರೆ ಕೊಟ್ಟ ಮುಂಗಡ ಕೂಡ ಕೈ ತಪ್ಪಬಹುದು. ಇಬ್ಬರ ಫೋನಿನಲ್ಲೂ ಅಲಾರಂ ಇಟ್ಟುಕೊಳ್ಳಿ.