ಅರ್ತ್ ಗುಂಡಿಗೆ ಉಪ್ಪು ಸುರಿದರೂ ರಾಡ್ ಅಂಟುವುದು ನಿಂತಿಲ್ಲ

ತೋಟದಮನೆ:
ಸಾಗರದ ಕಡೆಯವನು. ಅಡಿಕೆ ಒಣಗಿಸುವ ಅಂಗಳಕ್ಕೆ ಗೇಟು ಮಾಡಿಕೊಳ್ಳೋಣವೆಂದು 200 ಆಂಪಿಯರ್‌ನ ಸಿಂಗಲ್ ಫೇಸ್ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ತಂದಿದ್ದೇನೆ. ಚೌಕ ಪೈಪು, 2 ಮಿ.ಮೀ. ದಪ್ಪ. ವೆಲ್ಡಿಂಗ್ ರಾಡ್ 6013 ನಮೂನೆಯದು, 2.5 ಮಿ.ಮೀ. ದಪ್ಪ. ಕರೆಂಟು 80ಕ್ಕೆ ಇಟ್ಟಿದ್ದೇನೆ. ರಾಡ್ ತಾಗಿಸಿದರೆ ಒಮ್ಮೆ ಚಿಟ್ ಎಂದು ಕಿಡಿ ಹಾರುತ್ತದೆ, ಮರುಕ್ಷಣ ಪೈಪಿಗೆ ಅಂಟಿಕೊಳ್ಳುತ್ತದೆ. ಹತ್ತರಲ್ಲಿ ಒಂದು ಸಲ ಚೆನ್ನಾಗಿ ಹೊತ್ತಿಕೊಂಡರೂ ಅರ್ಧದಲ್ಲೇ ಆರಿಹೋಗುತ್ತದೆ.

ವೆಲ್ಡಿಂಗ್ ಶಾಪಿನ ಪರಿಚಯದವರೊಬ್ಬರು ಫೋನಿನಲ್ಲೇ ‘ಅರ್ತ್ ಸರಿ ಇಲ್ಲ’ ಎಂದರು. ಸರಿ, ಮನೆಯ ಹಿಂದಿನ ಅರ್ತಿಂಗ್ ಗುಂಡಿ ಅಗೆದು ಹತ್ತು ಕೆ.ಜಿ. ಕಲ್ಲುಪ್ಪು, ಒಂದು ಚೀಲ ಇದ್ದಿಲು, ಆರು ಕೊಡ ನೀರು ಸುರಿದೆ. ಬೆನ್ನು ಹಿಡಿದುಕೊಂಡದ್ದೇ ಲಾಭ. ರಾಡ್ ಈಗಲೂ ಅಂಟುತ್ತಿದೆ. ಇನ್ನೇನು ಮಾಡಬೇಕು?

ಮೋಟಾರುಮನೆ:
ಬೋರ್‌ವೆಲ್ ಕೇಸಿಂಗ್ ಪೈಪು ಹತ್ತಿರವಿದ್ದರೆ ಮೆಷಿನ್ನಿನ ಅರ್ತ್ ಕ್ಲ್ಯಾಂಪನ್ನು (ಕೇಬಲ್ ತುದಿಯ ಇಕ್ಕಳ) ಅದಕ್ಕೇ ಹಾಕಿ ನೋಡಿ. ಇನ್ನೂರು ಅಡಿ ಮಣ್ಣಿನೊಳಗೆ ಇಳಿದಿರುತ್ತದೆ, ಅದಕ್ಕಿಂತ ಒಳ್ಳೆಯ ಅರ್ತ್ ಎಲ್ಲಿ ಸಿಗುತ್ತದೆ?

ಕಬ್ಬಿಣದಕಡಲೆ:
ದಯವಿಟ್ಟು ಹಾಗೆ ಮಾಡಬೇಡಿ. ‘ಅರ್ತ್’ ಎಂಬ ಹೆಸರೇ ನಿಮ್ಮಿಬ್ಬರ ದಾರಿ ತಪ್ಪಿಸಿದೆ. ವೆಲ್ಡಿಂಗಿನ ಅರ್ತ್ ಕ್ಲ್ಯಾಂಪಿಗೂ ನೆಲಕ್ಕೂ ಸಂಬಂಧವಿಲ್ಲ. ಮೆಷಿನ್ನಿನಿಂದ ಹೊರಟ ಕರೆಂಟು ಹೋಲ್ಡರ್, ರಾಡ್, ಕಿಡಿ, ಪೈಪು, ಕ್ಲ್ಯಾಂಪು, ಕೇಬಲ್ ಎಂದು ಸುತ್ತು ಹಾಕಿ ಅದೇ ಮೆಷಿನ್ನಿಗೆ ಮರಳಬೇಕು. ಕ್ಲ್ಯಾಂಪು ಈ ವಾಪಸ್ ದಾರಿ, ಅಷ್ಟೆ. ಸಿಮೆಂಟಿನ ಮಹಡಿಯ ಮೇಲೆ, ಮರದ ಮೇಜಿನ ಮೇಲೆ ಕೂತರೂ ವೆಲ್ಡಿಂಗ್ ನಡೆಯುತ್ತದೆ.

ಮೂರು ಪಿನ್ನಿನ ಪ್ಲಗ್ಗಿನಲ್ಲಿರುವ ಹಸಿರು ವೈರಿನ ಅರ್ತ್ ಬೇರೆ. ಒಳಗೆ ಫೇಸ್ ತಗುಲಿ ಮೆಷಿನ್ನಿನ ಮೈಗೆ ಕರೆಂಟು ಬಂದರೆ ನಿಮ್ಮ ಜೀವ ಉಳಿಸುವುದು ಅದು. ಅದನ್ನು ಕಿತ್ತು ಎರಡು ಪಿನ್ನಿನಲ್ಲಿ ಓಡಿಸುವವರನ್ನು ನೋಡಿದ್ದೇನೆ. ಅದು ಶುದ್ಧ ಹುಚ್ಚಾಟ.

ಕೇಸಿಂಗಿಗೆ ಕ್ಲ್ಯಾಂಪು ಹಾಕಿದರೆ ಎರಡರಲ್ಲಿ ಒಂದಾಗುತ್ತದೆ. ಮಣ್ಣಿನ ಮೂಲಕ 80 ಆಂಪಿಯರ್ ಹರಿಯುವುದಿಲ್ಲ, ಹಾಗಾಗಿ ಕಿಡಿಯೇ ಬರುವುದಿಲ್ಲ. ಅಥವಾ ಪೈಪು ಎಲ್ಲೋ ಮನೆಯ ಅರ್ತಿಂಗ್ ವೈರಿಗೆ ತಾಗಿರುತ್ತದೆ, ಅಷ್ಟೂ ಕರೆಂಟು ಆ ಸಣ್ಣ ವೈರಿನಲ್ಲಿ ನುಗ್ಗಿ ಅದರ ಪ್ಲಾಸ್ಟಿಕ್ಕು ಕರಗುತ್ತದೆ. ಗೋಡೆಯೊಳಗೆ ಸುಟ್ಟದ್ದು ನಿಮಗೆ ಕಾಣುವುದೂ ಇಲ್ಲ.

ತೋಟದಮನೆಯವರೇ, ಕ್ಲ್ಯಾಂಪನ್ನು ಎಲ್ಲಿ ಕಚ್ಚಿಸಿದ್ದೀರಿ? ಪೈಪಿಗೆ ಬಣ್ಣವಿದೆಯೇ?

ತೋಟದಮನೆ:
ಅಯ್ಯೋ, ಆರು ಕೊಡ ನೀರು! ಪೈಪಿಗೆ ರೆಡ್ ಆಕ್ಸೈಡ್ ಬಳಿದಿದ್ದೇನೆ, ತುಕ್ಕು ಹಿಡಿಯದಿರಲೆಂದು. ವೆಲ್ಡ್ ಮಾಡುವ ಜಾಗವನ್ನು ಉಜ್ಜಿಕೊಂಡಿದ್ದೆ, ಕ್ಲ್ಯಾಂಪಿನ ಜಾಗವನ್ನಲ್ಲ. ಆದರೆ ಅದರ ಹಲ್ಲು ಬಣ್ಣ ಗೀರಿ ಒಳಗೆ ಇಳಿದಿದೆ.

ಸಂಜೆಬ್ಯಾಚು:
ವೋಲ್ಟೇಜನ್ನೂ ನೋಡಿ ಸರ್. ನಮ್ಮಲ್ಲಿ ಪಂಪ್‌ಸೆಟ್‌ಗಳು ಶುರುವಾದರೆ 180ಕ್ಕೆ ಇಳಿಯುತ್ತದೆ, ಆಗಲೂ ಹೀಗೆಯೇ ಅಂಟುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿನ ವೈರು ಸಣ್ಣದಿದ್ದರೂ ಅದೇ ಕಥೆ. ಕಡಿಮೆಯೆಂದರೂ 2.5 ಚದರ ಮಿ.ಮೀ. ವೈರು ಬೇಕು, ಸುರುಳಿಯನ್ನು ಪೂರ್ತಿ ಬಿಚ್ಚಿರಬೇಕು. ಮಳೆಗಾಲದಲ್ಲಿ ತೆರೆದಿಟ್ಟ ರಾಡ್ ತೇವ ಎಳೆದುಕೊಳ್ಳುತ್ತದೆ, ಅದನ್ನೂ ಗಮನಿಸಿ.

ಕಬ್ಬಿಣದಕಡಲೆ:
ಆ ಮಾತು ನಿಜ, ಆದರೆ ಊಹೆ ಏಕೆ, ಅಳೆಯೋಣ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕೆಂಪು ಕಡ್ಡಿ ಉಜ್ಜಿದ ಪೈಪಿನ ಮೇಲೆ, ಕಪ್ಪು ಕಡ್ಡಿ ಅರ್ತ್ ಕೇಬಲ್ ಮೆಷಿನ್ನಿಗೆ ಸೇರುವ ಲೋಹದ ಮೇಲೆ. ಒಬ್ಬರು ಮೀಟರು ಹಿಡಿಯಲಿ, ಇನ್ನೊಬ್ಬರು ರಾಡ್ ಉರಿಸಲಿ. ಇಬ್ಬರಿಗೂ ಕಣ್ಣಿಗೆ ಕಪ್ಪು ಗಾಜು. ವಾಪಸ್ ದಾರಿ ಚೆನ್ನಾಗಿದ್ದರೆ ಮೀಟರು ಒಂದು ವೋಲ್ಟು ದಾಟಬಾರದು. ದಾಟಿದರೆ ಪೈಪಿನಿಂದ ಕ್ಲ್ಯಾಂಪಿನ ದವಡೆಗೆ, ದವಡೆಯಿಂದ ಕೇಬಲ್ಲಿನ ಲಗ್ಗಿಗೆ (ತುದಿಗೆ ಒತ್ತಿಸಿದ ಲೋಹದ ಕೊಂಡಿ) ಹೀಗೆ ತುಂಡು ತುಂಡಾಗಿ ಅಳೆಯಿರಿ. ಕಳ್ಳ ಎಲ್ಲಿದ್ದಾನೆಂದು ಅಲ್ಲೇ ಗೊತ್ತಾಗುತ್ತದೆ.

ತೋಟದಮನೆ:
ತಮ್ಮನನ್ನು ಮೀಟರಿಗೆ ಕೂರಿಸಿ ಅಳೆದೆ. ಒಟ್ಟು 4.6 ವೋಲ್ಟ್! ಪೈಪಿನಿಂದ ದವಡೆಗೆ 3.1, ದವಡೆಯಿಂದ ಲಗ್ಗಿಗೆ 0.9, ಉಳಿದದ್ದು ಕೇಬಲ್ಲಿನಲ್ಲಿ. ಕ್ಲ್ಯಾಂಪಿನ ಹತ್ತಿರ ಕೈ ಒಯ್ದರೆ ಬಿಸಿ ಹೊಡೆಯುತ್ತಿತ್ತು, ಸುಟ್ಟ ಬಣ್ಣದ ವಾಸನೆ ಬೇರೆ. ಹೊಸ ಮೆಷಿನ್ ಅಲ್ಲವೇ, ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ.

ಕಬ್ಬಿಣದಕಡಲೆ:
3.1ನ್ನು 80ರಿಂದ ಗುಣಿಸಿ: 248 ವಾಟ್. ಹಳೆಯ ಕಾಲದ 60 ವಾಟಿನ ನಾಲ್ಕು ಬಲ್ಬುಗಳ ಶಾಖ ಹಲ್ಲಿನ ಆ ನಾಲ್ಕು ತುದಿಗಳಲ್ಲಿ! ಇನ್ವರ್ಟರ್ ಮೆಷಿನ್ನು ಕರೆಂಟನ್ನು ಕಾಯ್ದುಕೊಳ್ಳಲು ನೋಡುತ್ತದೆ, ಆದರೆ ಬಿಸಿಗೆ ಆ ತುದಿ ಅಲುಗಿ, ಬಣ್ಣ ಕರಗಿ, ಹಿಡಿತ ಕ್ಷಣಕ್ಕೊಂದು ಥರ ಆದಾಗ ಅದೇನು ಮಾಡೀತು? ನಿಮ್ಮ ರಾಡ್ ಆರುತ್ತಿದ್ದದ್ದು ಆಗಲೇ.

ಇನ್ನು 0.9ರ ವಿಷಯ. ಮೆಷಿನ್ನಿನ ಜೊತೆ ಬರುವ ತಗಡಿನ ಕ್ಲ್ಯಾಂಪುಗಳಲ್ಲಿ ಕೇಬಲ್ ಒಂದೇ ದವಡೆಗೆ ಸೇರಿರುತ್ತದೆ. ಇನ್ನೊಂದು ದವಡೆಗೆ ಕರೆಂಟು ಹೋಗಬೇಕಾದರೆ ಸ್ಪ್ರಿಂಗು ಮತ್ತು ಕೀಲಿನ ಮೂಲಕವೇ ಹೋಗಬೇಕು. ಸ್ಪ್ರಿಂಗು ಬಿಸಿಯಾದಷ್ಟೂ ಸೊರಗುತ್ತದೆ, ಸೊರಗಿದಷ್ಟೂ ಹಿಡಿತ ಸಡಿಲ. ಎರಡು ದವಡೆಗೂ ನಡುವೆ ತಾಮ್ರದ ಜಡೆಪಟ್ಟಿ ಇರುವ ಹಿತ್ತಾಳೆಯ ಕ್ಲ್ಯಾಂಪು ಕೊಳ್ಳಿ, ಇಲ್ಲವೇ ಸ್ಕ್ರೂ ತಿರುಗಿಸಿ ಬಿಗಿಯುವಂಥದ್ದು. ನನಗೆ ಎರಡನೆಯದೇ ಇಷ್ಟ. ಲಗ್ಗನ್ನು ಬಿಚ್ಚಿ, ಕಪ್ಪಾದ ಎಳೆಗಳನ್ನು ಕತ್ತರಿಸಿ, ಹೊಳೆಯುವ ತಾಮ್ರಕ್ಕೆ ಹೊಸ ಲಗ್ ಒತ್ತಿಸಿ. ಮೆಷಿನ್ನಿನ ಕಡೆಯ ಪ್ಲಗ್ಗನ್ನು ಒಳಗೆ ತಳ್ಳಿದರೆ ಸಾಲದು, ಕೊನೆಯವರೆಗೂ ತಿರುಗಿಸಿ ಬಿಗಿಯಬೇಕು.

ಪ್ರತಿ ಸಲ ಪೈಪು ಉಜ್ಜುವುದು ಬೇಸರವಾದರೆ, ಎರಡು ಇಂಚು ಪಟ್ಟಿಯ ತುಂಡೊಂದನ್ನು ಗೇಟಿನ ಮೂಲೆಯಲ್ಲಿ ಟ್ಯಾಕ್ ಹಾಕಿ (ಚುಕ್ಕಿಯಷ್ಟೇ ವೆಲ್ಡ್ ಮಾಡಿ) ಅದಕ್ಕೇ ಕ್ಲ್ಯಾಂಪು ಕಚ್ಚಿಸಿ. ಕೆಲಸ ಮುಗಿದ ಮೇಲೆ ಗ್ರೈಂಡರಿನಿಂದ ಹಾರಿಸಿಬಿಡಿ.

ತೋಟದಮನೆ:
ಸ್ಕ್ರೂ ಕ್ಲ್ಯಾಂಪು, 25 ಚದರ ಮಿ.ಮೀ. ತಾಮ್ರದ ಕೇಬಲ್ ಮೂರು ಮೀಟರ್, ಹೊಸ ಲಗ್ ತಂದೆ. ಪೈಪನ್ನು ಬೆಳ್ಳಗೆ ಉಜ್ಜಿದೆ. ಮೀಟರು 0.5 ತೋರಿಸಿತು. ಅದೇ ರಾಡ್, ಅದೇ 80 ಆಂಪಿಯರ್. ಬೆಂಕಿಕಡ್ಡಿ ಗೀರಿದಂತೆ ಗೀರಿದ ತಕ್ಷಣ ಹೊತ್ತಿಕೊಂಡಿತು, ಕೊನೆಯ ಎರಡು ಇಂಚಿನವರೆಗೂ ಆರಲಿಲ್ಲ. ಈಗ ಪೈಪಿಗೆ ತೂತು ಬೀಳುತ್ತಿದೆ, 65ಕ್ಕೆ ಇಳಿಸಿದೆ.

ಇನ್ನೊಂದು ಪ್ರಶ್ನೆ. ಗೇಟನ್ನು ಕಂಬಕ್ಕೆ ಬೇರಿಂಗ್ ಇರುವ ಕೀಲಿನಲ್ಲಿ ನಿಲ್ಲಿಸಿಯಾಗಿದೆ. ಚಿಲಕವನ್ನು ಅಲ್ಲೇ ವೆಲ್ಡ್ ಮಾಡಬೇಕು. ಕ್ಲ್ಯಾಂಪನ್ನು ಕಂಬಕ್ಕೆ ಹಾಕಬಹುದೇ? ಅದಕ್ಕಿನ್ನೂ ಬಣ್ಣ ಬಳಿದಿಲ್ಲ.

ಕಬ್ಬಿಣದಕಡಲೆ:
ಬೇಡ. ಆಗ ಅಷ್ಟೂ ಕರೆಂಟು ಬೇರಿಂಗಿನ ಗುಂಡುಗಳ ಮೂಲಕ ಹಾಯಬೇಕು. ಗುಂಡು ತಾಗುವಲ್ಲೆಲ್ಲ ಸಣ್ಣ ಕಿಡಿ ಹಾರಿ ಕುಳಿ ಬೀಳುತ್ತದೆ, ನಾಲ್ಕೇ ದಿನಕ್ಕೆ ಗೇಟು ಕಿರ್ ಎನ್ನುತ್ತದೆ. ಗೇಟಿನ ಮೇಲೆಯೇ, ಚಿಲಕದಿಂದ ಒಂದು ಗೇಣು ದೂರದಲ್ಲಿ ಬಣ್ಣ ಉಜ್ಜಿ ಅಲ್ಲಿಗೆ ಬಿಗಿಯಿರಿ.