ಕೆಂದ ನಿಂತಿದ್ದ ದಣಪೆ

ಪುಟ್ಟಿ, ಬೆಳಿಗ್ಗೆ ನೀನು ಗುಂಪಿಗೆ ಹಾಕಿದ ಹಳೆಯ ಫೋಟೊ ನೋಡಿದೆ. ಬೇಲಿಯ ಬಾಗಿಲಿಗೆ ಅಡ್ಡ ಮರದ ಗಳ ಹಾಕಿದ ದಣಪೆಯ ಮೇಲೆ ಕತ್ತು ಚಾಚಿ ನಿಂತಿರುವ ನಮ್ಮ ಕುದುರೆ ಕೆಂದ. ಓಡುವುದಕ್ಕೆಂದೇ ಹುಟ್ಟಿದ ಕುದುರೆಯನ್ನು ತಂದು ಮಲೆನಾಡಿನ ಮಳೆಯಲ್ಲಿ ಸುಮ್ಮನೆ ನಿಲ್ಲಿಸಿದ್ದು ಸರಿಯೇ ಎಂದು ಕೇಳಿದ್ದೀಯಲ್ಲ, ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಆಗುವುದಿಲ್ಲ. ಉದ್ದವಾಗುತ್ತದೆ, ಪುರುಸೊತ್ತಾದಾಗ ಎಲ್ಲರೂ ಕೇಳಿ.

ಅವನು ಹುಟ್ಟಿದ್ದು ಕುಣಿಗಲ್‌ನಲ್ಲಿ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ನೆಲದಲ್ಲಿ. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಓಡಿದ. ಮುಂಗಾಲಿನ ಸ್ನಾಯುರಜ್ಜು ಊದಿಕೊಂಡು ಓಟ ನಿಂತಾಗ ಅವನಿಗೆ 7 ವರ್ಷ. ಕುದುರೆ 25 ವರ್ಷ ಬದುಕುವ ಜೀವ. ಉಳಿದ ಅಷ್ಟೂ ವರ್ಷ ಅದು ಯಾರಿಗೂ ಬೇಡ ಎಂದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಲಾಯದ ಲೆಕ್ಕ ಬರೆಯುತ್ತಿದ್ದ ದೊಡ್ಡಪ್ಪ ಅವನನ್ನು ಕೇಳಿ ಪಡೆದು ಲಾರಿಗೆ ಹತ್ತಿಸಿದರು. ಶಿವಮೊಗ್ಗ ದಾಟಿ ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಬರುತ್ತಲೇ ಆನೆಗಳ ವಾಸನೆಗೆ ಬೆದರಿ ಹಲಗೆಗೆ ಒದೆಯತೊಡಗಿದನಂತೆ. ತೀರ್ಥಹಳ್ಳಿ ಮುಟ್ಟುವವರೆಗೂ ದೊಡ್ಡಪ್ಪ ಹಿಂದೆಯೇ ನಿಂತು ಅವನ ಕುತ್ತಿಗೆ ಸವರುತ್ತಾ ಬಂದರು.

ರೇಸಿನ ಉದ್ದನೆಯ ಹೆಸರು ಅಜ್ಜಿಯ ನಾಲಿಗೆಗೆ ಹೊರಳಲಿಲ್ಲ. ಕೆಂಪು ಎತ್ತಿಗೆ ಇಡುವ ಹೆಸರನ್ನೇ ಇಟ್ಟಳು.

ಮೊದಲ ದಿನಗಳನ್ನು ನೆನೆದರೆ ಸಂಕಟವಾಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಕೊಟ್ಟಿಗೆಯ ನೆಲ ಕೆರೆಯುತ್ತಿದ್ದ. ಅಭ್ಯಾಸಕ್ಕೆ ಕರೆದೊಯ್ಯುವವರು ಬರುತ್ತಾರೆಂದು ಕಾಯುತ್ತಿದ್ದ. ಓಟ್ಸ್ ತಿಂದು ಬೆಳೆದ ಹೊಟ್ಟೆ, ಹಸಿ ಹುಲ್ಲಿಗೆ ಒಮ್ಮೆಲೇ ಬಿಡುವಂತಿರಲಿಲ್ಲ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆನೋವು ಬಂದರೆ ಪ್ರಾಣಕ್ಕೇ ಕುತ್ತು. ದಿನಕ್ಕೆ ಒಂದು ಗಂಟೆ, ಆಮೇಲೆ ಎರಡು ಎಂದು ಮೇಯಿಸಿದೆವು. ಎಲ್ಲಕ್ಕಿಂತ ಹೆಚ್ಚಾಗಿ, ಅವನು ಮಲಗುತ್ತಲೇ ಇರಲಿಲ್ಲ. ಕುದುರೆ ನಿಂತೇ ತೂಕಡಿಸಬಲ್ಲದು, ಆದರೆ ಗಾಢ ನಿದ್ದೆಗೆ ನೆಲಕ್ಕೆ ಒರಗಲೇಬೇಕು. ಭಯವಿರುವ ಕಡೆ ಒರಗುವುದಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ದನ ಮೇಯುವ ಬ್ಯಾಣದ ಕಡೆ ಹೋದರೆ ಕೆಂದ ಮಗ್ಗುಲಾಗಿ ನಾಲ್ಕೂ ಕಾಲು ಚಾಚಿ ಬಿದ್ದಿದ್ದಾನೆ! ಸತ್ತೇ ಹೋದನೆಂದು ಕೂಗಿಕೊಂಡು ಓಡಿದೆ. ಹತ್ತಿರ ಹೋಗುವಷ್ಟರಲ್ಲಿ ಕಿವಿ ಅಲುಗಿತು. ಕೆಳದುಟಿ ಸಡಿಲವಾಗಿ ಜೋತಿತ್ತು, ಅದರ ಅಂಚಿಗೆ ಒಂದು ಹುಲ್ಲಿನ ಎಸಳು ಅಂಟಿಕೊಂಡು ಉಸಿರಿಗೆ ತಕ್ಕಂತೆ ಆಡುತ್ತಿತ್ತು. ಹಿಂದಿನಿಂದ ದೊಡ್ಡಪ್ಪ ಕೈಸನ್ನೆಯಲ್ಲೇ ನನ್ನನ್ನು ತಡೆದರು. ದಣಪೆಗೆ ಒರಗಿ ನಿಂತು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

ಮಳೆಯ ಮಾತು ನೀನು ಹೇಳಿದ್ದು ಸುಳ್ಳಲ್ಲ. ಆಷಾಢದಲ್ಲಿ ಪ್ರತಿ ಸಂಜೆ ಗೊರಸು ಕೆರೆದು ಒಣಗಿಸದಿದ್ದರೆ ಕೊಳೆಯುತ್ತಿತ್ತು. ಕಾಲಿಗೆ ಹತ್ತಿದ ಉಂಬಳಗಳನ್ನು, ಅಂದರೆ ರಕ್ತ ಹೀರುವ ಜಿಗಣೆಗಳನ್ನು, ಅಮ್ಮ ಹೊಗೆಸೊಪ್ಪು, ಸುಣ್ಣ ಮುಟ್ಟಿಸಿ ಬಿಡಿಸುತ್ತಿದ್ದಳು. ಅಷ್ಟು ಹೊತ್ತೂ ಅವನು ಅವಳ ಸೆರಗು ಮೂಸುತ್ತಾ ನಿಲ್ಲುತ್ತಿದ್ದ.

ಆದರೆ ಅವನು ಓಡಲಿಲ್ಲ ಎಂದು ಮಾತ್ರ ಹೇಳಬೇಡ. ಮಳೆ ಹೊಳವಾದ ಸಂಜೆ, ಅವನ ಹೊಟ್ಟೆಯ ಎತ್ತರಕ್ಕೂ ಬಾರದ ನಮ್ಮ ಮಲೆನಾಡು ಗಿಡ್ಡದ ಕರು ಬಾಲ ಎತ್ತಿ ಜಿಗಿದರೆ ಸಾಕು, ಇವನೂ ಹೊರಡುತ್ತಿದ್ದ. ಬ್ಯಾಣದ ಆ ತುದಿಯವರೆಗೆ ಹೋಗಿ, ಸಾಕೆನಿಸಿದಲ್ಲಿ ನಿಂತು, ಮೇಯುತ್ತಿದ್ದ. ಬೆನ್ನ ಮೇಲೆ ಯಾರೂ ಇಲ್ಲ, ಚಾಟಿ ಇಲ್ಲ. ಹಾಗೆ 17 ವರ್ಷ ಇದ್ದ. ನಮ್ಮ ದೇಶದ ಓಟದ ಕುದುರೆಗಳಿಗೆಲ್ಲ ಜನವರಿ 1ಕ್ಕೇ ವಯಸ್ಸು ಏರುತ್ತದೆಂದು ದೊಡ್ಡಪ್ಪ ಹೇಳಿದ ಮೇಲೆ, ಅಜ್ಜಿ ಪ್ರತಿ ವರ್ಷ ಅಂದು ಅಡಿಕೆ ಹಾಳೆಯಲ್ಲಿ ಬೆಲ್ಲದ ಚೂರು ಇಡುತ್ತಿದ್ದಳು.

ಫೋಟೊದಲ್ಲಿ ದಣಪೆಯ ಮೇಲಿನ ಗಳವನ್ನು ದೊಡ್ಡದು ಮಾಡಿ ನೋಡು. ನಡುವೆ ನುಣ್ಣಗೆ ಸವೆದು ಹೊಳೆಯುತ್ತಿರುವುದು ಅವನ ಕತ್ತು ಒರಗುತ್ತಿದ್ದ ಜಾಗ. ಈ ಬೇಸಿಗೆಯಲ್ಲಿ ಅಲ್ಲಿಗೆ ಕಬ್ಬಿಣದ ಗೇಟು ಹಾಕಿಸುತ್ತೀರೆಂದು ಕೇಳಿದೆ. ಹಾಕಿಸಿ, ನನ್ನ ಅಡ್ಡಿಯಿಲ್ಲ. ಆ ಒಂದು ಗಳವನ್ನು ಮಾತ್ರ ಒಲೆಗೆ ಹಾಕಬೇಡಿ, ಜಗಲಿಯ ಮೇಲೆ ಎತ್ತಿಡಿ. ನಾನು ಬಂದು ತೆಗೆದುಕೊಂಡು ಹೋಗುತ್ತೇನೆ.