ಚೀನೀ ಪದಗಳು ಬಾಯಿಪಾಠ ಆಗಿವೆ, ಬಳಸಲು ಆಗುತ್ತಿಲ್ಲ: ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಂಪನಿ ಕೆಲಸದ ಮೇಲೆ ಶೆನ್‌ಝೆನ್‌ಗೆ ಹೋಗಬೇಕಾಗಿದೆ. ಒಂದು ವರ್ಷವಾದರೂ ಅಲ್ಲೇ ಇರಬೇಕು. ಹೆಂಡತಿ, ಮಗಳೂ ಬರುತ್ತಾರೆ. ನಾವು ಸಸ್ಯಾಹಾರಿಗಳು. ಚೀನೀ ಭಾಷೆಯ ಎಚ್‌ಎಸ್‌ಕೆ ಪರೀಕ್ಷೆಯ ಮೊದಲ ಹಂತದ ಪದಪಟ್ಟಿ ಇಟ್ಟುಕೊಂಡು ಕುರ್ಚಿ, ಮೇಜು, ಪುಸ್ತಕ, ಅನ್ನ ಅಂತ ಸುಮಾರು ನಾಮಪದ ಬಾಯಿಪಾಠ ಮಾಡಿದ್ದೇನೆ. ಆದರೆ ‘ಎರಡು ಕುರ್ಚಿ ಕೊಡಿ’ ಅನ್ನಲು ಹೋದರೆ ನಾಲಿಗೆ ನಿಂತುಬಿಡುತ್ತದೆ. ನೀವೆಲ್ಲ ಹೇಗೆ ಕಲಿತಿರಿ? ದಿನಬಳಕೆಗೆ ಯಾವ ಪದಗಳನ್ನು, ಯಾವ ರೀತಿ ಕಲಿತರೆ ಉಪಯೋಗ?

ಹಾಂಗ್‌ಝೌನಲ್ಲಿ ಓದಿದವರ ಉತ್ತರ

ಸರ್, ಮೊದಲು ಆ ಪಟ್ಟಿ ಪಕ್ಕಕ್ಕಿಡಿ. ಎಚ್‌ಎಸ್‌ಕೆ ಮೊದಲ ಹಂತಕ್ಕೆ ಹಿಂದೆ 150 ಪದ ಇದ್ದವು. 2021ರ ಮಾನದಂಡದಲ್ಲಿ 500 ಆದವು. ಎಷ್ಟೇ ಇರಲಿ, ಒಂಟಿ ಪದ ಕಲಿತರೆ ನಿಮಗೆ ಆಗಿರುವುದೇ ಎಲ್ಲರಿಗೂ ಆಗುತ್ತದೆ. ಯಾಕೆಂದರೆ ಚೀನೀಯಲ್ಲಿ ಸಂಖ್ಯೆಗೂ ನಾಮಪದಕ್ಕೂ ಮಧ್ಯೆ ಇನ್ನೊಂದು ಪದ ಬೇಕೇ ಬೇಕು. ಎಣಿಕೆಪದ ಅನ್ನೋಣ.

(ಕೇಳಿಸುವ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ. ಚೀನೀಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪಿನ್ಯಿನ್ ಬೇರೆ ಥರ ಕಾಣುತ್ತದೆ. ಊರಿನ ಹೆಸರು ಮಾತ್ರ ಪೇಪರಿನಲ್ಲಿ ಬರುವ ಹಾಗೆ.)

‘ಷೂ’ ಅಂದರೆ ಪುಸ್ತಕ. ಒಂದು ಪುಸ್ತಕ ‘ಯಿ ಷೂ’ ಅಲ್ಲ, ‘ಯಿ ಪನ್ ಷೂ’. ‘ಯಿತ್ಸ’ ಅಂದರೆ ಕುರ್ಚಿ. ಎರಡು ಕುರ್ಚಿ ‘ಲಿಯಾಂಗ್ ಪಾ ಯಿತ್ಸ’. ಇಲ್ಲಿ ಇನ್ನೊಂದು ವಿಷಯ ಇದೆ. ಒಂದು, ಎರಡು, ಮೂರು ಅಂತ ಎಣಿಸುವಾಗ ಎರಡಕ್ಕೆ ‘ಅರ್’. ವಸ್ತು ಎಣಿಸುವಾಗ ‘ಲಿಯಾಂಗ್’.

ಇದೇನೂ ನಮಗೆ ಅಷ್ಟು ಹೊಸದಲ್ಲ. ಒಂದು ಕಟ್ಟು ಸೊಪ್ಪು, ಒಂದು ಚಿಪ್ಪು ಬಾಳೆಹಣ್ಣು, ಒಂದು ಮೊಳ ಹೂವು ಅಂತ ನಾವೂ ಕೇಳುತ್ತೇವಲ್ಲ. ನಾವು ಕೆಲವಕ್ಕೆ ಮಾತ್ರ ಹಾಕುತ್ತೇವೆ, ಅವರು ಹೆಚ್ಚುಕಡಿಮೆ ಎಲ್ಲಕ್ಕೂ ಹಾಕುತ್ತಾರೆ.

ಆಕಾರ ನೋಡಿದರೆ ಅರ್ಧ ಕೆಲಸ ಮುಗಿಯಿತು. ಚಪ್ಪಟೆಯಾಗಿ ಹರಡಿಕೊಂಡಿದ್ದಕ್ಕೆ ‘ಚಾಂಗ್’: ಮೇಜು, ಮಂಚ, ಕಾಗದ, ಟಿಕೆಟ್. ಕೈಯಲ್ಲಿ ಹಿಡಿಯುವ ಜಾಗ ಇರುವಂಥದ್ದಕ್ಕೆ ‘ಪಾ’: ಕೊಡೆ, ಚಾಕು, ಬೀಗದಕೈ, ಕುರ್ಚಿ. ಉದ್ದಕ್ಕೆ ಇರುವುದಕ್ಕೆ ‘ಥಿಯಾವ್’: ರಸ್ತೆ, ಹೊಳೆ, ಹಾವು, ಮೀನು, ಪ್ಯಾಂಟು. ಜೋಡಿಗೆ ‘ಷ್ವಾಂಗ್’: ಚಪ್ಪಲಿ, ಊಟದ ಕಡ್ಡಿ. ಅಂಗಿಗೆ ‘ಚಿಯೆನ್’. ಅಂಗಡಿ, ಹೋಟೆಲು, ಕಂಪನಿಗೆ ‘ಚಿಯಾ’. ದನ, ಹಂದಿಗೆ ‘ಥೋವ್’, ಅಂದರೆ ತಲೆ. ಯಾವುದೂ ಗೊತ್ತಿಲ್ಲದಿದ್ದರೆ ‘ಕ’.

ಸಂಖ್ಯೆ ಇಲ್ಲದಾಗಲೂ ಇದು ಬಿಡುವುದಿಲ್ಲ. ‘ಈ ಪುಸ್ತಕ’ ಅನ್ನಬೇಕಾದರೂ ‘ಚ ಪನ್ ಷೂ’. ‘ಆ’ ಅನ್ನುವ ‘ನಾ’, ‘ಎಷ್ಟು’ ಅನ್ನುವ ‘ಚಿ’, ಇವುಗಳ ಜೊತೆಗೂ ಅಷ್ಟೇ. ತಪ್ಪಿಸಿಕೊಳ್ಳುವ ಪದಗಳೂ ಇವೆ. ದಿನ (ಥಿಯೆನ್), ವರ್ಷ (ನಿಯೆನ್), ಇವಕ್ಕೆ ಎಣಿಕೆಪದ ಬೇಡ. ಮೂರು ದಿನ ‘ಸಾನ್ ಥಿಯೆನ್’. ಆದರೆ ತಿಂಗಳಿಗೆ ಬೇಕು, ‘ಸಾನ್ ಕ ಯುಎ’. ಯಾಕೆ ಅಂತ ಕೇಳಬೇಡಿ, ಹೇಳುತ್ತಾ ಹೇಳುತ್ತಾ ಬಾಯಿಗೆ ಕೂತುಬಿಡುತ್ತದೆ.

ಬಹುವಚನದ ತಲೆನೋವು ಮಾತ್ರ ಇಲ್ಲ. ‘ಹತ್ತು ಪುಸ್ತಕ ಕೊಂಡೆ’ ಅಂತ ನಾವು ಹೇಳುವ ಹಾಗೇ ಅವರದ್ದೂ. ‘ಮನ್’ ಅಂತ ಒಂದು ಪ್ರತ್ಯಯ ಇದೆ, ಜನರಿಗೆ ಮಾತ್ರ ಹಚ್ಚುತ್ತಾರೆ. ಸಂಖ್ಯೆ ಬಂದರೆ ಅದೂ ಬಿದ್ದುಹೋಗುತ್ತದೆ.

ವ್ಯಾಪಾರಕ್ಕೆ ಯೀವೂಗೆ ಹೋಗಿಬರುವವರ ಉತ್ತರ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಇಷ್ಟು ಓದಿ ಹೆದರಬೇಡಿ. ನಾನು ಎಲ್ಲಕ್ಕೂ ‘ಕ’ ಅನ್ನುವವನು. ಕೊಡೆಗೂ ‘ಕ’, ಕುರ್ಚಿಗೂ ‘ಕ’. ಯಾರೂ ನಕ್ಕಿಲ್ಲ, ಮಾಲು ಕೊಡದೆ ಕಳಿಸಿಯೂ ಇಲ್ಲ. ಝೆಜಿಯಾಂಗ್ ಪ್ರಾಂತದ ಯೀವೂ ಅಂದರೆ ಸಣ್ಣಪುಟ್ಟ ಸಾಮಾನಿನ ಸಗಟು ಸಂತೆ. ದೇಶದೇಶದವರು ಬರುತ್ತಾರೆ. ವ್ಯಾಕರಣ ಕೇಳುತ್ತಾ ಕೂರಲು ಅವರಿಗೆ ಪುರುಸೊತ್ತಿಲ್ಲ.

ನನಗೆ ಅನ್ನ ಹಾಕಿದ ಪದ ಇವು. ಯಾಂಗ್‌ಫಿನ್ ಅಂದರೆ ಸ್ಯಾಂಪಲ್. ಶಿಯಾಂಗ್ ಅಂದರೆ ಡಬ್ಬ, ಕಾರ್ಟನ್. ‘ಯಿ ಶಿಯಾಂಗ್ ತ್ವೊಷಾವ್ ಕ?’ ಅಂದರೆ ಒಂದು ಕಾರ್ಟನ್‌ಗೆ ಎಷ್ಟು ಪೀಸು. ಇದನ್ನು ಕೇಳದೆ ಬೆಲೆ ಮಾತಾಡಬಾರದು. ‘ತ್ವೊಷಾವ್ ಛಿಯೆನ್?’ ಎಷ್ಟು ದುಡ್ಡು. ದುಡ್ಡಿಗೆ ಪುಸ್ತಕದಲ್ಲಿ ಯುವಾನ್ ಅಂತ ಇರುತ್ತದೆ, ಬಾಯಲ್ಲಿ ‘ಖ್ವಾಯ್’. ಅಂಗಡಿಯವರನ್ನು ‘ಲಾವ್‌ಪಾನ್’ ಅಂದರೆ ಸಾಕು, ನಮ್ಮಲ್ಲಿ ‘ಯಜಮಾನ್ರೇ’ ಅಂದ ಹಾಗೆ. ಡ್ರೈವರ್, ರಿಪೇರಿಯವರಿಗೆ ‘ಷರ್‌ಫ಼ು’.

ತರಕಾರಿ ಮಾರುಕಟ್ಟೆಯಲ್ಲಿ ಒಂದು ಎಚ್ಚರಿಕೆ. ಬೆಲೆ ‘ಚಿನ್’ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚಿನ್ ಅಂದರೆ 500 ಗ್ರಾಂ. ಕಿಲೋಗೆ ‘ಕೋಂಗ್‌ಚಿನ್’ ಅಂತ ಬೇರೆ ಪದ ಇದೆ. ಬೋರ್ಡು ನೋಡಿ ಅಗ್ಗ ಅಂತ ಹಿಗ್ಗಬೇಡಿ.

ದಕ್ಷಿಣದ ಕಡೆ ಎಷ್ಟೋ ಜನ ‘ಷ’ವನ್ನು ‘ಸ’ ಮಾಡಿ ಮಾತಾಡುತ್ತಾರೆ. ನಾಲ್ಕು ‘ಸ’, ಹತ್ತು ‘ಷರ್’, ಹಾಗಾಗಿ ನಾಲ್ಕೋ ಹತ್ತೋ ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೇ ಕೈಸನ್ನೆ ಕಲಿಯಿರಿ. ಒಂದೇ ಕೈಯಲ್ಲಿ ಹತ್ತರವರೆಗೂ ತೋರಿಸುತ್ತಾರೆ. ಹೆಬ್ಬೆರಳು, ಕಿರುಬೆರಳು ಚಾಚಿದರೆ ಆರು. ಅದೂ ಆಗದಿದ್ದರೆ ಕ್ಯಾಲ್ಕುಲೇಟರ್ ಮುಂದೆ ತಳ್ಳುತ್ತಾರೆ.

ಹಾಂಗ್‌ಝೌನಲ್ಲಿ ಓದಿದವರು, ಮತ್ತೆ

‘ಕ’ ಒಂದರಲ್ಲೇ ಬದುಕಬಹುದು, ಒಪ್ಪುತ್ತೇನೆ. ಆದರೆ ಅದು ನೀವು ಹೇಳುವಾಗಿನ ಮಾತು. ಎದುರಿನವರು ‘ಚಿ ಪಾ?’ ಅಂತ ಕೇಳಿದಾಗ ಕೊಡೆಯ ಮಾತು ನಡೆಯುತ್ತಿದೆ ಅಂತ ನಿಮ್ಮ ಕಿವಿಗೆ ಗೊತ್ತಾಗಬೇಕಲ್ಲ. ಹೋಟೆಲ್ ಬಾಗಿಲಲ್ಲೇ ‘ಚಿ ವೇಯ್?’ ಅಂತ ಕೇಳುತ್ತಾರೆ. ಅದರಲ್ಲಿ ‘ಜನ’ ಅನ್ನುವ ಪದವೇ ಇಲ್ಲ. ಗೌರವದ ಎಣಿಕೆಪದ ‘ವೇಯ್’ ಒಂದೇ ಇರುತ್ತದೆ. ‘ಎಷ್ಟು ಜನ ಸರ್’ ಅಂತ ಅರ್ಥ. ನಮ್ಮ ಬಗ್ಗೆ ನಾವೇ ಗೌರವ ಕೊಟ್ಟುಕೊಳ್ಳುವುದು ಬೇಡ ಅಂತಿದ್ದರೆ ‘ಸಾನ್ ಕ’ ಅನ್ನಿ, ಮೂವರು.

ಬೆಂಗಳೂರಿನಲ್ಲಿ ಮ್ಯಾಂಡರಿನ್ ಕಲಿಸುವವರ ಉತ್ತರ

ನನ್ನ ಹತ್ತಿರ ಬರುವವರು ಬಹಳಷ್ಟು ಜನ ಇಂಗ್ಲಿಷ್ ಮೂಲಕ ಚೀನೀ ಕಲಿಯಲು ಹೋಗಿ ಸುಮ್ನೆ ಕಷ್ಟಪಡುತ್ತಾರೆ. ಕನ್ನಡದ ದಾರಿಯೇ ಹತ್ತಿರ. ನಾನು ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಉಚ್ಚಾರ ನೋಡಿ. 1958ರಲ್ಲಿ ಬಂದ ಪಿನ್ಯಿನ್ ರೋಮನ್ ಅಕ್ಷರಗಳನ್ನು ತನ್ನದೇ ರೀತಿಯಲ್ಲಿ ಬಳಸುತ್ತದೆ. ಅದರಲ್ಲಿ ಬಿ, ಡಿ, ಜಿ ಅಂತ ಬರೆದಿದ್ದರೆ ಓದಬೇಕಾದ್ದು ನಮ್ಮ ಪ, ತ, ಕ. ಪಿ, ಟಿ, ಕೆ ಅಂತ ಇದ್ದರೆ ಉಸಿರು ಜೋರಾಗಿ ಬಿಡುವ ಫ, ಥ, ಖ. ಅಂದರೆ ಅವರಿಗೆ ಬೇಕಾಗಿರುವುದು ಅಲ್ಪಪ್ರಾಣ, ಮಹಾಪ್ರಾಣದ ವ್ಯತ್ಯಾಸ. ಅದು ನಮ್ಮ ಕಾಗುಣಿತದಲ್ಲೇ ಇದೆ. ಪತ್ರಿಕೆಯ ‘ಬೀಜಿಂಗ್’ ಅವರ ಬಾಯಲ್ಲಿ ‘ಪೇಯ್‌ಚಿಂಗ್’ಗೆ ಹತ್ತಿರ. ಶ, ಷ ಬೇರೆ ಬೇರೆ ಮಾಡಿ ಹೇಳುವ ಅಭ್ಯಾಸ ಇದ್ದವರಿಗೆ ಇನ್ನೂ ಲಾಭ. ಮಾತಿನಲ್ಲಿ ಮಹಾಪ್ರಾಣ ನುಂಗುವವರು ಮಾತ್ರ ಇಲ್ಲಿ ಸ್ವಲ್ಪ ಬೆವರಬೇಕು.

ಪದದ ಜೋಡಣೆಯೂ ಅಷ್ಟೇ. ‘ಮೇಜಿನ ಮೇಲೆ’ಗೆ ‘ಚ್ವೋತ್ಸ ಷಾಂಗ್’. ಮೇಜು ಮೊದಲು, ಮೇಲೆ ಆಮೇಲೆ. ‘ಲೋಟದ ಒಳಗೆ’ಗೆ ‘ಪೇಯ್‌ತ್ಸ ಲಿ’. ‘ನಾನು ಕೊಂಡ ಪುಸ್ತಕ’ಕ್ಕೆ ‘ವೊ ಮಾಯ್ ತ ಷೂ’. ನಾನು, ಕೊಳ್ಳು, ‘ತ’, ಪುಸ್ತಕ. ನಮ್ಮ ಕ್ರಮವೇ ಅಲ್ವಾ? ‘ನನ್ನ’ ಅನ್ನಲೂ ಅದೇ ‘ತ’, ‘ವೊ ತ ಷೂ’. ಇಂಗ್ಲಿಷಿನಲ್ಲಿ ಯೋಚಿಸಿದರೆ ಇದೆಲ್ಲ ತಲೆಕೆಳಗು. ಒಂದೇ ಮಾತು: ಊರು, ದೇಶದ ಹೆಸರಿಗೆ ‘ಲಿ’ ಹಚ್ಚಬೇಡಿ. ಚೀನಾದಲ್ಲಿ ಅನ್ನಲು ‘ತ್ಸಾಯ್ ಚೋಂಗ್‌ಕ್ವೊ’ ಅಷ್ಟೇ.

ನಂಟರ ಹೆಸರುಗಳಲ್ಲಂತೂ ನಾವು ಅವರ ಸರಿಸಮ. ಕಕ (ಅಣ್ಣ), ತೀತಿ (ತಮ್ಮ), ಚಿಯೆಚಿಯೆ (ಅಕ್ಕ), ಮೇಯ್‌ಮೇಯ್ (ತಂಗಿ). ಅಪ್ಪನ ಅಣ್ಣ ಪೊಪೊ, ನಮ್ಮ ದೊಡ್ಡಪ್ಪ. ಅಪ್ಪನ ತಮ್ಮ ಷೂಷು, ನಮ್ಮ ಚಿಕ್ಕಪ್ಪ. ಸೋದರಮಾವ ಚಿಯೂಚಿಯು, ಸೋದರತ್ತೆ ಕೂಕು. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ದೊಡ್ಡ ಕೋಷ್ಟಕ ಹಾಕಿ ವಿವರಿಸುತ್ತವೆ. ನಿಮ್ಮ ಮಗಳಿಗೆ ಒಂದು ಸಂಜೆ ಸಾಕು. ಅಪ್ಪನ ವಯಸ್ಸಿನ ಅಪರಿಚಿತರನ್ನು ಮಕ್ಕಳು ಷೂಷು ಅಂತಲೇ ಕರೆಯುತ್ತಾರೆ, ನಮ್ಮ ಮಕ್ಕಳು ಅಂಕಲ್ ಅನ್ನುವ ಹಾಗೆ.

ಇನ್ನು ಸ್ವರ, ಅಂದರೆ ಪದ ಹೇಳುವಾಗಿನ ದನಿಯ ಏರಿಳಿತ. ಸಮವಾಗಿ ಎಳೆಯುವುದು 1, ಏರುವುದು 2, ತಗ್ಗುವುದು 3, ಮೇಲಿಂದ ಬೀಳುವುದು 4. ಸಾನ್ 1 ಅಂದರೆ ಮೂರು, ಸಾನ್ 3 ಅಂದರೆ ಕೊಡೆ. ಹಾಗಾಗಿ ಮೂರು ಕೊಡೆಗೆ ‘ಸಾನ್ ಪಾ ಸಾನ್’. ಇದನ್ನೇ ದಿನಾ ಹೇಳಿ ಅಭ್ಯಾಸ ಮಾಡಿ. ಪೇಯ್‌ತ್ಸ 1 ಲೋಟ, ಪೇಯ್‌ತ್ಸ 4 ರಜಾಯಿ. ಮಾಯ್ 3 ಕೊಳ್ಳುವುದು, ಮಾಯ್ 4 ಮಾರುವುದು. ಸ್ವರ ಇಲ್ಲದೆ ಪದ ಬರೆದುಕೊಳ್ಳುವುದೂ ಒಂದೇ, ಬರೆಯದಿರುವುದೂ ಒಂದೇ.

ನಾಮಪದದ ಜೊತೆ ಅದರ ಕ್ರಿಯಾಪದವನ್ನೂ ಬರೆದಿಡಿ. ಫೋನನ್ನು ‘ಹೊಡೆಯುತ್ತಾರೆ’, ತಾ ತಿಯೆನ್‌ಹ್ವಾ. ಬಟ್ಟೆಗೆ, ಚಪ್ಪಲಿಗೆ ‘ಛ್ವಾನ್’, ಟೋಪಿಗೆ, ಕನ್ನಡಕಕ್ಕೆ ‘ತಾಯ್’. ಸೀರೆ ಉಟ್ಟು ಹೂ ಮುಡಿಯುವ ನಮಗೆ ಇದು ವಿಚಿತ್ರ ಅನ್ನಿಸಬಾರದು.

ಗುಂಪು ಮಾಡಿ ಕಲಿಯುವುದಾದರೆ ಕೊನೆಯ ಅಕ್ಷರ ಹಿಡಿಯಿರಿ. ‘ಚಿ’ ಅಂದರೆ ಯಂತ್ರ: ಷೋವ್‌ಚಿ (ಕೈ ಯಂತ್ರ) ಮೊಬೈಲು, ಫ಼ೇಯ್‌ಚಿ (ಹಾರುವ ಯಂತ್ರ) ವಿಮಾನ, ಶಿಯೀಚಿ (ಬಟ್ಟೆ ಒಗೆಯುವ ಯಂತ್ರ) ವಾಷಿಂಗ್ ಮೆಷಿನ್. ‘ಛ’ ಅಂದರೆ ಗಾಡಿ, ‘ಹ್ವೊಛ’ ಬೆಂಕಿಗಾಡಿ, ಅಂದರೆ ರೈಲು. ಮೊದಲ ಅಕ್ಷರ ‘ತಿಯೆನ್’ ಇದ್ದರೆ ಕರೆಂಟಿನದು. ಗೊತ್ತಿಲ್ಲದ ಪದವನ್ನೂ ಹೀಗೆ ಊಹಿಸಬಹುದು.

ಗ್ವಾಂಗ್‌ಝೌನಲ್ಲಿ ಸಂಸಾರ ಮಾಡಿದವರ ಉತ್ತರ

ನಿಮ್ಮ ಮನೆಯವರಿಗೆ ಇದನ್ನು ಓದಿಸಿ, ಅಡುಗೆ ವಿಷಯ. ನಮ್ಮ ಹಾಗೆ ಅವರೂ ಭತ್ತ, ಅಕ್ಕಿ, ಅನ್ನ ಮೂರನ್ನೂ ಬೇರೆ ಮಾಡುತ್ತಾರೆ: ತಾವ್‌ತ್ಸ, ತಾಮಿ, ಮಿಫ಼ಾನ್. ಅಂಗಡಿಯಲ್ಲಿ ಮಿಫ಼ಾನ್ ಕೇಳಿದರೆ ಬೇಯಿಸಿದ್ದು ಎಲ್ಲಿದೆ ಅಂತ ನೋಡುತ್ತಾರೆ. ಅಕ್ಕಿಗೆ ತಾಮಿ ಅನ್ನಿ. ಕಾಳಿಗೆ ‘ತೋವ್’. ಹೆಸರುಕಾಳು ‘ಲ್ಯುತೋವ್’, ಹಸಿರು ಕಾಳು. ಎಲ್ಲ ಕಡೆ ಸಿಗುತ್ತದೆ, ಕೋಸಂಬರಿಗೆ ತೊಂದರೆ ಇಲ್ಲ. ಕೊತ್ತಂಬರಿ ಸೊಪ್ಪು ‘ಶಿಯಾಂಗ್‌ತ್ಸಾಯ್’. ಒಂದು ಕಟ್ಟಿಗೆ ‘ಯಿ ಪಾ’, ಕುರ್ಚಿಗೆ ಹೇಳಿದ ಅದೇ ಪಾ, ಇಲ್ಲಿ ಒಂದು ಹಿಡಿ ಅಂತ. ಮೊಸರು ‘ಸ್ವಾನ್‌ನಾಯ್’. ಸಿಗುವುದು ಜಾಸ್ತಿ ಸಿಹಿಯದೇ, ಮಜ್ಜಿಗೆ ಹುಳಿ ಮಾಡಲು ಹೋಗಬೇಡಿ. ಹಾಲು ‘ನಿಯೂನಾಯ್’ ತಂದು ಮನೆಯಲ್ಲೇ ಹೆಪ್ಪು ಹಾಕಿ.

ಯೆನ್ 2 ಉಪ್ಪು, ಯೆನ್ 1 ಸಿಗರೇಟು. ಥಾಂಗ್ 2 ಸಕ್ಕರೆ, ಥಾಂಗ್ 1 ಸೂಪು. ಇವೆರಡು ಜೋಡಿ ಗಟ್ಟಿ ಮಾಡಿಕೊಳ್ಳಿ.

ಹೊರಗೆ ತಿನ್ನುವಾಗ ‘ರೋವ್ ಬೇಡ’ ಅಂದರೆ ಸಾಲದು. ರೋವ್ ಅಂದರೆ ಮಾಂಸ, ಸುಮ್ನೆ ರೋವ್ ಅಂದರೆ ಹಂದಿ ಮಾಂಸ ಅಂತಲೇ ಎಷ್ಟೋ ಕಡೆ ಅರ್ಥ. ಮೊಟ್ಟೆ ಅದರಲ್ಲಿ ಬರುವುದಿಲ್ಲ. ತೋವ್‌ಫ಼ು (ಟೋಫು, ಸೋಯಾ ಪನೀರು) ಇದೆ ಅಂತ ಸಸ್ಯಾಹಾರ ಅಂದುಕೊಳ್ಳಬೇಡಿ. ಸಿಚುವಾನ್‌ನ ಹೆಸರುವಾಸಿ ಮಾಪೊ ತೋವ್‌ಫ಼ುಗೆ ಖೀಮಾ ಹಾಕುವುದೇ ವಾಡಿಕೆ. ಪೂರ್ತಿ ವಾಕ್ಯ ಕಲಿಯಿರಿ: ‘ವೊ ಛರ್ ಸು, ಪು ಛರ್ ರೋವ್, ಚೀತಾನ್ ಯೆ ಪು ಛರ್.’ ನಾನು ಸಸ್ಯಾಹಾರಿ, ಮಾಂಸ ತಿನ್ನುವುದಿಲ್ಲ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಬೌದ್ಧ ದೇವಸ್ಥಾನಗಳ ಹತ್ತಿರ ‘ಸು’ ಹೋಟೆಲು ಹುಡುಕಿ. ಬಹಳ ಕಡೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ‘ಸಾನ್ ಪಾ ಸಾನ್’ ಈಗಾಗಲೇ ಮನೆಯಲ್ಲಿ ಮಗಳ ಬಾಯಲ್ಲಿ ಓಡಾಡುತ್ತಿದೆ. ಶೆನ್‌ಝೆನ್‌ನಲ್ಲಿ ಆ ಕಡೆಯ ಮಾತಾದ ಕ್ಯಾಂಟನೀಸ್ ಕೂಡ ಬೇಕಾಗುತ್ತದಾ? ಹೋದ ತಕ್ಷಣ ಎಲ್ಲಿಂದ ಶುರು ಮಾಡಲಿ?

ಶೆನ್‌ಝೆನ್‌ನಲ್ಲಿ ಇರುವವರ ಉತ್ತರ

ಬೇಡ. ಈ ಊರು ಹೊರಗಿನಿಂದ ಬಂದವರಿಂದಲೇ ತುಂಬಿದೆ, ಮ್ಯಾಂಡರಿನ್ ಸಾಕು. ಗ್ವಾಂಗ್‌ಝೌನಲ್ಲಿ ವಯಸ್ಸಾದವರ ಬಾಯಲ್ಲಿ ಕ್ಯಾಂಟನೀಸ್ ಜಾಸ್ತಿ.

ಮನೆ ಬಾಡಿಗೆಗೆ ಹಿಡಿಯುವಾಗ ಒಳ್ಳೆ ಪಾಠಪುಸ್ತಕ ಪುಕ್ಕಟೆ ಸಿಗುತ್ತದೆ. ಕರಾರುಪತ್ರದ ಜೊತೆ ಸಾಮಾನಿನ ಪಟ್ಟಿ ಇರುವುದುಂಟು. ಅದರಲ್ಲಿ ವಸ್ತು, ಸಂಖ್ಯೆ, ಎಣಿಕೆಪದ ಮೂರೂ ಒಂದೇ ಸಾಲಿನಲ್ಲಿ ಇರುತ್ತವೆ. ಛ್ವಾಂಗ್ (ಮಂಚ) 1 ಚಾಂಗ್, ಖೋಂಗ್‌ಥಿಯಾವ್ (ಏಸಿ) 1 ಥಾಯ್, ಯಾವ್‌ಷರ್ (ಬೀಗದಕೈ) 2 ಪಾ, ಹೀಗೆ. ‘ಥಾಯ್’ ಯಂತ್ರಗಳಿಗೆ. ಮನೆ ಓನರ್ ಜೊತೆ ರೂಮು ರೂಮು ಸುತ್ತಿ, ಒಂದೊಂದನ್ನೇ ಮುಟ್ಟಿ, ಓದಿಸಿಕೊಂಡು ರೆಕಾರ್ಡ್ ಮಾಡಿಕೊಳ್ಳಿ. ಪಟ್ಟಿಯಲ್ಲಿ ಇಲ್ಲದ ಸಾಮಾನು ಕಂಡರೆ ಬೆರಳು ತೋರಿಸಿ ‘ಚ ಕ ಚಿಯಾವ್ ಷೆನ್ಮ?’ ಅನ್ನಿ, ಇದಕ್ಕೆ ಏನಂತಾರೆ ಅಂತ. ಆಮೇಲೆ ಪ್ಲೆಕೊ ನಿಘಂಟು ಆ್ಯಪ್‌ನಲ್ಲಿ ಹುಡುಕಿದರೆ ಎಷ್ಟೋ ನಾಮಪದಕ್ಕೆ ಎಣಿಕೆಪದವನ್ನೂ ತೋರಿಸುತ್ತದೆ.

ಬೀಗದಕೈ ಎಷ್ಟು ‘ಪಾ’ ಕೈಗೆ ಬಂತು ಅಂತ ಮಾತ್ರ ಸಹಿ ಹಾಕುವ ಮುಂಚೆಯೇ ಎಣಿಸಿಕೊಳ್ಳಿ. ಬಿಟ್ಟುಹೋಗುವಾಗ ‘ಯಾಚಿನ್’, ಅಂದರೆ ಅಡ್ವಾನ್ಸ್ ದುಡ್ಡು, ವಾಪಸ್ ಕೊಡುವ ಮುಂಚೆ ಅವರು ಇದೇ ಪಟ್ಟಿ ತೆಗೆಯುತ್ತಾರೆ.